ಪಾಯಿಂಟ್ 22 ರೈಫಲ್‌ನಲ್ಲಿ ತೋಟೆ ಸಿಕ್ಕಿಕೊಂಡಾಗ: ಮ್ಯಾಗಜಿನ್, ಗುಂಡು, ಎಣ್ಣೆ, ಕೊಕ್ಕೆ ಒಂದೊಂದಾಗಿ ಬದಲಿಸಿ ನೋಡಿದ್ದು

ಕಳೆದ ಕೈಲ್‌ಪೊಳ್ದ್, ಅಂದರೆ ಕೊಡವರ ಆಯುಧಪೂಜೆಯ ಹಬ್ಬ, ಮುಗಿದ ಮರುವಾರ ನಮ್ಮೂರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯಿತು. ನಾನು ಪಾಯಿಂಟ್ 22 (ನಳಿಗೆಯ ಒಳವ್ಯಾಸ ಸುಮಾರು 0.22 ಇಂಚಿನ ರೈಫಲ್) ವಿಭಾಗದಲ್ಲಿದ್ದೆ. ಎರಡು ಗುಂಡು ಸಲೀಸಾಗಿ ಹೋದವು. ಮೂರನೆಯದಕ್ಕೆ ಬೋಲ್ಟ್ (ತೋಟೆಯನ್ನು ಒಳತಳ್ಳಿ ಮುಚ್ಚುವ ಉಕ್ಕಿನ ಸರಳು) ತಳ್ಳಿದರೆ ಅದು ಅರ್ಧದಲ್ಲೇ ನಿಂತಿತು. ಎಳೆದು ನೋಡಿದಾಗ ಹೊಸ ತೋಟೆಯ ಸೀಸದ ಮೂತಿ ಚಪ್ಪಟೆಯಾಗಿತ್ತು. ಅದರ ಮುಂದೆ ಚೇಂಬರಿನ, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಗೂಡಿನ, ಬಾಯಲ್ಲಿ ಹಿಂದಿನ ಹೊಡೆತದ ಖಾಲಿ ತೋಟೆ ಹಾಗೆಯೇ ಕುಳಿತಿತ್ತು. ನನ್ನ ಸರದಿ ಅಲ್ಲಿಗೇ ಮುಗಿಯಿತು.

ಸುತ್ತ ನೆರೆದಿದ್ದ ಹಿರಿಯರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬರು ಮ್ಯಾಗಜಿನ್ (ತೋಟೆ ತುಂಬಿಡುವ ಪೆಟ್ಟಿಗೆ) ಸ್ಪ್ರಿಂಗ್ ಸತ್ತಿದೆ ಎಂದರು. ಇನ್ನೊಬ್ಬರು ತೋಟೆಯ ಬ್ರ್ಯಾಂಡ್ ಬದಲಿಸು ಎಂದರು. ಮೂರನೆಯವರು ಖಾಲಿ ತೋಟೆಯನ್ನು ಎಳೆದು ತರುವ ಬೋಲ್ಟಿನ ಕೊಕ್ಕೆ ಸವೆದಿದೆ, ಹೊಸದು ಹಾಕಿಸು ಎಂದರು. ನಾಲ್ಕನೆಯವರು ಎಣ್ಣೆ ಸಾಲದು ಎಂದರು. ಎಲ್ಲರೂ ಕೋವಿ ಹಿಡಿದೇ ಬೆಳೆದವರು, ಯಾರ ಮಾತನ್ನೂ ತಳ್ಳಿಹಾಕುವಂತಿರಲಿಲ್ಲ. ಹಾಗಾಗಿ ನಾಲ್ಕನ್ನೂ ಪರೀಕ್ಷಿಸಿ ನೋಡುವುದೆಂದು ನಿಶ್ಚಯಿಸಿದೆ.

ರೈಫಲ್ ನನ್ನ ತಾತ 1950ರ ದಶಕದಲ್ಲಿ ಕೊಂಡದ್ದು. ಯುರೋಪಿನಲ್ಲಿ ತಯಾರಾದ ಬೋಲ್ಟ್ ಆಕ್ಷನ್ (ಪ್ರತಿ ಹೊಡೆತಕ್ಕೂ ಬೋಲ್ಟನ್ನು ಕೈಯಿಂದ ಎಳೆದು ತಳ್ಳುವಂಥದ್ದು), ಐದು ತೋಟೆ ಹಿಡಿಯುವ ಪೆಟ್ಟಿಗೆ ಮ್ಯಾಗಜಿನ್. ತೋಟೆಗಳ ಖರೀದಿಗೆ ಮಿತಿಯಿದೆ, ಬೆಲೆಯೂ ಕಡಿಮೆಯಲ್ಲ. ಆದ್ದರಿಂದ ಪ್ರತಿ ಬದಲಾವಣೆಗೂ ರೇಂಜಿನಲ್ಲಿ 50 ಹೊಡೆತ ಎಂದು ಕಟ್ಟುಪಾಡು ಮಾಡಿಕೊಂಡೆ. ಮನೆಯಲ್ಲಿ ಮಾಡುವ ಪರೀಕ್ಷೆಗೆ ಮದ್ದಿಲ್ಲದ ಪ್ಲಾಸ್ಟಿಕ್ ಡಮ್ಮಿ ತೋಟೆ ಮಾತ್ರ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ವಾಸಿ ಮಾಡಿದ್ದು ಯಾವುದೆಂದು ತಿಳಿಯುವುದೇ ಇಲ್ಲ.

ಏನನ್ನೂ ಮುಟ್ಟದೆ, ಇದ್ದ ಸ್ಥಿತಿಯಲ್ಲೇ 50 ಹೊಡೆದೆ. ಖಾಲಿ ತೋಟೆ ಹೊರಬೀಳದೆ ಉಳಿದದ್ದು ಎಂಟು ಸಲ. ಹೊಸ ತೋಟೆ ಒಳಹೋಗದೆ ನಿಂತದ್ದು ಒಂಬತ್ತು ಸಲ. ಪುಸ್ತಕದಲ್ಲಿ ಗುರುತು ಹಾಕುತ್ತಾ ಹೋದಾಗ ಒಂದು ಸಂಗತಿ ಎದ್ದು ಕಂಡಿತು: ಆ ಒಂಬತ್ತರಲ್ಲಿ ಐದು, ಹಿಂದಿನ ಖಾಲಿ ತೋಟೆ ಉಳಿದುಕೊಂಡ ಬೆನ್ನಿಗೇ ಬಂದಿದ್ದವು. ಉಣಿಸುವ ತೊಂದರೆ ಎಂದು ನಾವೆಲ್ಲ ಭಾವಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಉಗುಳುವ ತೊಂದರೆಯಾಗಿತ್ತು. ಸ್ಪರ್ಧೆಯ ದಿನ ಆದದ್ದೂ ಅದೇ.

ಮುಂದೆ ಹೋಗುವ ಮೊದಲು ಒಂದು ಮಾತನ್ನು ಒತ್ತಿ ಹೇಳಬೇಕು. ಅಂದು ತೋಟೆ ಸಿಕ್ಕಿಕೊಂಡಾಗ ಪಕ್ಕದಲ್ಲಿದ್ದವರು ಚಾಕು ತೆಗೆದು ಕೊಟ್ಟರು, ಮೀಟಿ ತೆಗೆ ಎಂದು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಈ ತೋಟೆಯಲ್ಲಿ ಕಿಡಿ ಹೊತ್ತಿಸುವ ಮದ್ದು ಇರುವುದು ಹಿಂಭಾಗದ ನಡುವೆ ಅಲ್ಲ, ಸುತ್ತಲಿನ ಅಂಚಿನ ಮಡಿಕೆಯೊಳಗೆ. ಉಕ್ಕಿನ ಮೊನೆ ಆ ಅಂಚನ್ನು ಜಜ್ಜಿದರೆ ತೋಟೆ ಕೈಯಲ್ಲೇ ಸಿಡಿಯಬಹುದು. ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಕುದುರೆಯಿಂದ (ಟ್ರಿಗರ್) ಹೊರಗಿರಲಿ, ಮೊದಲು ಮ್ಯಾಗಜಿನ್ ಕಳಚಿ, ಆಮೇಲೆ ಬೋಲ್ಟ್ ಎಳೆಯಿರಿ. ಆಗಲೂ ಬಾರದಿದ್ದರೆ ಬಿದಿರಿನ ಕಡ್ಡಿಯಿಂದ ಅಲುಗಾಡಿಸಿ. ಕುದುರೆ ಎಳೆದೂ ತೋಟೆ ಹಾರದಿದ್ದರೆ 30 ಸೆಕೆಂಡು ಕಾಯದೆ ಬೋಲ್ಟ್ ತೆರೆಯಬೇಡಿ.

ಮೊದಲಿಗೆ ಮ್ಯಾಗಜಿನ್. ನನ್ನ ಮುಂದೆ ಮೂರು ದಾರಿಗಳಿದ್ದವು: ತಾತನ ಕಾಲದ ಐದರ ಮ್ಯಾಗಜಿನ್, ಬೇರೆ ಕಂಪನಿಯೊಂದು ಮಾಡಿದ ಹತ್ತರ ಹೊಸ ಮ್ಯಾಗಜಿನ್, ಮತ್ತು ಮ್ಯಾಗಜಿನ್ನೇ ಬೇಡವೆಂದು ಕೈಯಿಂದ ಒಂದೊಂದೇ ತೋಟೆ ಇಡುವುದು. ನಾನು ಹೊಡೆಯುವ ಪಾಯಿಂಟ್ 22 ಲಾಂಗ್ ರೈಫಲ್ ಎಂಬ ತೋಟೆ 1887ರಷ್ಟು ಹಳೆಯದು. ಅದರ ಒಡಲಿಗಿಂತ ಅಂಚು ಅಗಲ. ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕುಳಿತಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದೆ ಬಿದ್ದರೆ ಎರಡೂ ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಕೊಳ್ಳುತ್ತವೆ. ಬೋಲ್ಟ್ ಎಷ್ಟೇ ತಳ್ಳಿದರೂ ಮೇಲಿನದು ಕದಲುವುದಿಲ್ಲ. ತುಂಬುವಾಗ ಪ್ರತಿ ತೋಟೆಯನ್ನೂ ಹಿಂದಿನ ಗೋಡೆಗೆ ಒತ್ತಿ, ಅಂಚು ಕೆಳಗಿನದರ ಮುಂದಿದೆಯೇ ಎಂದು ನೋಡಿ ಬಿಡುವುದು ಈಗ ನನಗೆ ಅಭ್ಯಾಸವಾಗಿದೆ.

ಹಳೆಯ ಮ್ಯಾಗಜಿನ್‌ನ ತಳ ಕಳಚಿದಾಗ ಸ್ಪ್ರಿಂಗ್ ಸತ್ತಿರಲಿಲ್ಲ, ಅಂಟಿನಲ್ಲಿ ಹೂತಿತ್ತು. ಈ ಗುಂಡುಗಳ ಹೊರಮೈಗೆ ಮೇಣ ಸವರಿರುತ್ತಾರೆ. ಎಷ್ಟೋ ವರ್ಷಗಳ ಆ ಮೇಣ, ಧೂಳು, ಮಳೆಗಾಲದಲ್ಲಿ ಸುರಿದ ಎಣ್ಣೆ ಎಲ್ಲ ಸೇರಿ ಕಂದು ಬಣ್ಣದ ಗೋಂದಾಗಿತ್ತು. ತೋಟೆಯನ್ನು ಮೇಲೆತ್ತುವ ತಟ್ಟೆ ಅರ್ಧಕ್ಕೆ ಬಂದು ಓರೆಯಾಗಿ ನಿಲ್ಲುತ್ತಿತ್ತು, ಮೂತಿ ಕೆಳಗಾಗುತ್ತಿತ್ತು. ಸೀಮೆಎಣ್ಣೆಯಲ್ಲಿ ಅದ್ದಿ, ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಣಗಿಸಿ ಕೂಡಿಸಿದೆ. ಮುಂದಿನ 50ರಲ್ಲಿ ಮ್ಯಾಗಜಿನ್‌ನಿಂದಲೇ ಆದ ಅಡಚಣೆ ನಾಲ್ಕರಿಂದ ಒಂದಕ್ಕೆ ಇಳಿಯಿತು.

ಹತ್ತರ ಹೊಸ ಮ್ಯಾಗಜಿನ್ ನೋಡಲು ಚಂದ, ಆದರೆ 50ರಲ್ಲಿ ಆರು ಸಲ ಕೈಕೊಟ್ಟಿತು. ಹೆಚ್ಚಿನವು ಪೂರ್ತಿ ತುಂಬಿದಾಗಿನ ಮೊದಲ ಎರಡು ತೋಟೆಗಳಲ್ಲೇ. ಕಾರಣ ಹುಡುಕಲು ಡಮ್ಮಿ ತೋಟೆಗಳ ಮೂತಿಗೆ ಕಪ್ಪು ಮಾರ್ಕರ್ ಬಳಿದು, ಬೋಲ್ಟನ್ನು ನಿಧಾನವಾಗಿ ಮುಂದಕ್ಕೆ ತಂದೆ. ಹಳೆಯ ಮ್ಯಾಗಜಿನ್‌ನಿಂದ ಹೋದ ಡಮ್ಮಿಯ ಮೂತಿಯಲ್ಲಿ ಕೆಳಗೆ ಸಣ್ಣದೊಂದು ಉಜ್ಜುಗುರುತು. ಹೊಸದರಿಂದ ಹೋದದ್ದರ ಎಡಬದಿಯಲ್ಲಿ ಉಗುರಿನಾಕಾರದ ಗೀರು. ತೋಟೆಯನ್ನು ಹಿಡಿದಿಡುವ ಮ್ಯಾಗಜಿನ್ ಬಾಯಿಯ ಎಡತುಟಿ ಬಲತುಟಿಗಿಂತ ಕೂದಲೆಳೆಯಷ್ಟು ಒಳಗೆ ಬಾಗಿತ್ತು, ತೋಟೆ ಓರೆಯಾಗಿ ಹೊರಡುತ್ತಿತ್ತು. ಇಕ್ಕಳದಿಂದ ಬಾಗಿಸುವ ಆಸೆಯಾದರೂ ತಡೆದುಕೊಂಡೆ. ತಗಡಿನ ತುಟಿಯನ್ನು ಒಮ್ಮೆ ಹೆಚ್ಚು ಬಾಗಿಸಿದರೆ ಮತ್ತೆ ಸರಿಯಾಗುವುದು ಕಷ್ಟ.

ಕೈಯಿಂದ ಒಂದೊಂದೇ ಇಟ್ಟಾಗ ಒಳಹೋಗುವುದರಲ್ಲಿ ಒಂದೂ ತಪ್ಪಿಲ್ಲ. ಸ್ಪರ್ಧೆಗೆ ಇದು ಒದಗದು, ಆದರೆ ರೋಗ ಪತ್ತೆಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ: ಚೇಂಬರಿನ ಬಾಯಿ ನೆಟ್ಟಗಿದೆ ಎಂದು ಖಾತ್ರಿಯಾಯಿತು. ತೋಟೆಯಿಲ್ಲದೆ ಕುದುರೆ ಎಳೆದು ಎಳೆದು ಸೂಜಿ (ಫೈರಿಂಗ್ ಪಿನ್) ಬಡಿದ ಜಾಗದಲ್ಲಿ ಕೆಲವು ರೈಫಲ್‌ಗಳಿಗೆ ಮುಳ್ಳಿನಂಥ ಉಬ್ಬು ಏಳುತ್ತದೆ. ಹತ್ತಿ ಸುತ್ತಿದ ಕಡ್ಡಿಯನ್ನು ಬಾಯಿಯ ಸುತ್ತ ಆಡಿಸಿದರೆ ಎಳೆ ಸಿಕ್ಕಿಕೊಂಡು ಅದು ಗೊತ್ತಾಗುತ್ತದೆ. ನನ್ನದರಲ್ಲಿ ಹತ್ತಿ ಎಲ್ಲೂ ಸಿಕ್ಕಲಿಲ್ಲ.

ಮುಂದಿನದು ಗುಂಡು. ಇಷ್ಟರವರೆಗೆ ಹೊಡೆಯುತ್ತಿದ್ದದ್ದು ಮೇಣ ದಪ್ಪಗಿದ್ದ ಅಗ್ಗದ ಸೀಸದ ಗುಂಡು. ಅದರ ಎದುರಿಗೆ ಎರಡನ್ನು ತಂದೆ. ಒಂದು, ತಾಮ್ರದ ಲೇಪವಿರುವ, ಮೂತಿಯಲ್ಲಿ ಕುಳಿಯಿರುವ ಹೈ ವೆಲಾಸಿಟಿ (ಹೆಚ್ಚು ವೇಗದ) ತೋಟೆ. ಇನ್ನೊಂದು, ಗುರಿಗಾರರು ಅಭ್ಯಾಸಕ್ಕೆ ಬಳಸುವ ದುಂಡು ಮೂತಿಯ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್, 40 ಗ್ರೇನ್ (ಗುಂಡು ತೂಗುವ ಅಳತೆ) ತೂಕದ್ದು. ವೇಗ ಹೆಚ್ಚಿದ್ದರೆ ತೋಟೆ ಚೆನ್ನಾಗಿ ಹೊರಬೀಳುತ್ತದೆ ಎಂಬುದು ನಮ್ಮಲ್ಲಿ ಬಹಳ ಜನರ ನಂಬಿಕೆ. ನನ್ನ ರೈಫಲ್‌ನಲ್ಲಿ ಆದದ್ದು ತಿರುವುಮುರುವು. ವೇಗದ ತೋಟೆ 50ರಲ್ಲಿ ಹನ್ನೊಂದು ಸಲ ಚೇಂಬರಿನಲ್ಲೇ ಉಳಿಯಿತು, ಕುಳಿಮೂತಿ ಮೂರು ಸಲ ಒಳಹೋಗುವಾಗ ತಡೆಯಿತು. ಎಸ್‌ಕೆ ಉಳಿದದ್ದು ನಾಲ್ಕು ಸಲ, ಒಳಹೋಗುವಾಗ ಒಮ್ಮೆಯೂ ತಡೆಯಲಿಲ್ಲ. ಒತ್ತಡ ಹೆಚ್ಚಿದಷ್ಟೂ ಹಿತ್ತಾಳೆ ಹಿಗ್ಗಿ ಚೇಂಬರಿನ ಗೋಡೆಗೆ ಬಲವಾಗಿ ಒತ್ತಿಕೊಳ್ಳುತ್ತದೆ. ಗೋಡೆ ನುಣುಪಾಗಿಲ್ಲದಿದ್ದರೆ ಬಿಡಿಸಿಕೊಳ್ಳುವುದು ಕಷ್ಟ.

ಆ ನಂಬಿಕೆ ಬಂದದ್ದು ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳಿಂದ. ಅಮೆರಿಕದಲ್ಲಿರುವ ಸೋದರಸಂಬಂಧಿಯ ಜೊತೆ ಒಮ್ಮೆ ಅಲ್ಲಿನ ರೇಂಜಿಗೆ ಹೋಗಿ ಅಂಥದ್ದನ್ನು ಹೊಡೆದಿದ್ದೇನೆ. ಅಲ್ಲಿ ಬೋಲ್ಟಿಗೆ ಬೀಗವಿಲ್ಲ. ಸಿಡಿತದ ಬಲವೇ ಖಾಲಿ ತೋಟೆಯ ಮೂಲಕ ಬೋಲ್ಟನ್ನು ಹಿಂದಕ್ಕೆ ತಳ್ಳಬೇಕು. ಕಡಿಮೆ ಬಲದ ತೋಟೆ ಹಾಕಿದರೆ ಬೋಲ್ಟ್ ಪೂರ್ತಿ ಹಿಂದೆ ಹೋಗದೆ, ಖಾಲಿ ತೋಟೆ ಕಿಂಡಿಯಲ್ಲಿ ಚಿಮಣಿಯಂತೆ ನೆಟ್ಟಗೆ ನಿಲ್ಲುತ್ತದೆ. ಅಲ್ಲಿ ವೇಗದ ತೋಟೆಯೇ ಮದ್ದು. ಬೋಲ್ಟ್ ಆಕ್ಷನ್‌ನಲ್ಲಿ ಆ ಕೆಲಸ ಮಾಡುವುದು ನಮ್ಮ ಕೈ, ಹಾಗಾಗಿ ವೇಗಕ್ಕೆ ಕೊಟ್ಟ ಹಣ ದಂಡ.

ಎಣ್ಣೆಯ ವಿಷಯ ಬೇಗ ಮುಗಿಸುತ್ತೇನೆ. ತಾತ ಬಳಸುತ್ತಿದ್ದದ್ದು ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ; ಕೊಡಗಿನ ಡಿಸೆಂಬರ್ ಮುಂಜಾವಿನಲ್ಲಿ ಬೋಲ್ಟಿನ ಮೇಲೆ ಬಿಳಿಯ ಪದರ ಕಟ್ಟಿದ್ದನ್ನು ನಾನೇ ಒರೆಸಿದ್ದೇನೆ. ಹೊಲಿಗೆ ಯಂತ್ರದ ಎಣ್ಣೆ ಬಹಳ ವಾಸಿ, ಅದೂ ಒಂದು ಹನಿ ಹಾಕಿ ಒರೆಸಿ ತೆಗೆದರೆ. ಧಾರಾಳವಾಗಿ ಸುರಿದಾಗ ಸುಟ್ಟ ಮದ್ದಿನ ಮಸಿಯೊಂದಿಗೆ ಸೇರಿ ಅರೆದ ಮಸಾಲೆಯಂತಾಯಿತು. ಎಣ್ಣೆ ಸಾಲದು ಎಂದ ಹಿರಿಯರ ಮಾತಿಗೆ ನನ್ನ ರೈಫಲ್ ಒಪ್ಪಲಿಲ್ಲ.

ಇನ್ನು ಕೊಕ್ಕೆ. ಅಂಚು ಒಡಲಿಗಿಂತ ಸುತ್ತಲೂ ಚಾಚಿರುವುದು ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು, ಅಷ್ಟೇ. ಬೋಲ್ಟಿನ ಕೊಕ್ಕೆ ಅಷ್ಟನ್ನೇ ಕಚ್ಚಿ ಎಳೆದು ತರಬೇಕು. ಕೊನೆಯಲ್ಲಿ ಎದುರುಬದಿಯ ಅಂಚು ಉಗುಳುಪಟ್ಟಿಗೆ (ಇಜೆಕ್ಟರ್) ಬಡಿದು ತೋಟೆ ಹಾರುತ್ತದೆ. ಬೋಲ್ಟನ್ನು ಮೆಲ್ಲಗೆ ಎಳೆದರೆ ತೋಟೆ ಪಕ್ಕದಲ್ಲೇ ಸೋರಿ ಬೀಳುತ್ತದೆ, ಚುರುಕಾಗಿ ಎಳೆದರೆ ಮಾರು ದೂರ ಹೋಗುತ್ತದೆ.

ಬೋಲ್ಟ್ ಹೊರತೆಗೆದು ಕೊಕ್ಕೆಯಡಿ ಡಮ್ಮಿ ಸಿಕ್ಕಿಸಿ ಮೂತಿ ಕೆಳಗೆ ಮಾಡಿದೆ. ಜಾರಿ ಬಿತ್ತು. ಕೊಕ್ಕೆ ಸವೆದಿರುವುದು ಖಂಡಿತ ಎನ್ನಿಸಿತು. ಅಂದೇ ಪರವಾನಗಿ ಇರುವ ಕೋವಿ ರಿಪೇರಿಯವರಲ್ಲಿ ಹೊಸ ಕೊಕ್ಕೆ, ಸ್ಪ್ರಿಂಗ್ ಹೇಳಿಬಿಟ್ಟೆ. ಅದು ಬರಲು ಮೂರು ವಾರವಿತ್ತು. ಆ ಬಿಡುವಿನಲ್ಲಿ ರೇಂಜಿನಲ್ಲಿ ಆಯ್ದು ತಂದಿದ್ದ ಖಾಲಿ ತೋಟೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಭೂತಗನ್ನಡಿ ಹಿಡಿದೆ. ಸಿಕ್ಕಿಕೊಂಡಿದ್ದ ಪ್ರತಿಯೊಂದರ ಒಡಲಿನಲ್ಲೂ ಒಂದೇ ಎತ್ತರದಲ್ಲಿ ಉಂಗುರದಂಥ ಗೀರು ಇತ್ತು. ಅಳತೆಪಟ್ಟಿ ಇಟ್ಟರೆ ಬುಡದಿಂದ ಸುಮಾರು 11 ಮಿಲಿಮೀಟರ್. ಲಾಂಗ್ ರೈಫಲ್ ತೋಟೆಯ ಹಿತ್ತಾಳೆ 15 ಮಿಲಿಮೀಟರ್‌ಗೂ ಉದ್ದ. ಹನ್ನೊಂದರ ಹತ್ತಿರ ಮುಗಿಯುವುದು ಪಾಯಿಂಟ್ 22 ಶಾರ್ಟ್ ಎಂಬ ಗಿಡ್ಡ ತೋಟೆಯದು. ತಾತ ತೋಟದ ಕೆಲಸಕ್ಕೆ ಶಾರ್ಟ್ ತೋಟೆಯನ್ನೇ ಹೊಡೆಯುತ್ತಿದ್ದರು ಎಂದು ಅಪ್ಪ ಹೇಳುತ್ತಿದ್ದದ್ದು ಆಗ ನೆನಪಾಯಿತು. ಗಿಡ್ಡ ತೋಟೆ ಮುಗಿಯುವಲ್ಲಿ ಮಸಿ ಸೀಸ ಕಟ್ಟಿ ಬಳೆಯಂತೆ ಗಟ್ಟಿಯಾಗಿತ್ತು. ನಾನು ತಪ್ಪದೆ ನಳಿಗೆಯಲ್ಲಿ ಬಟ್ಟೆ ಎಳೆಯುತ್ತಿದ್ದರೂ ಬಟ್ಟೆ ಆ ಬಳೆಯ ಮೇಲೆ ಸವರಿಕೊಂಡು ಹೋಗುತ್ತಿತ್ತು.

ಚೇಂಬರಿಗೆ ಮಸಿ ಕರಗಿಸುವ ದ್ರಾವಣ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕಂಚಿನ ಬ್ರಷ್ ತಿರುಗಿಸಿದೆ, ಒರೆಸಿದೆ, ಮತ್ತೆ ಹಚ್ಚಿದೆ. ನಾಲ್ಕನೆಯ ಸುತ್ತಿಗೆ ಬಟ್ಟೆ ಬೂದು ಬಣ್ಣಕ್ಕೆ ಬಂತು. ಕೊಕ್ಕೆಯ ಅಡಿಯನ್ನು ಹಲ್ಲುಕಡ್ಡಿಯಿಂದ ಕೆದಕಿದಾಗ ಸಾಸಿವೆ ಕಾಳಿನಷ್ಟು ಕಪ್ಪು ಮೇಣದ ಉಂಡೆ ಹೊರಬಂತು, ಅದರೊಳಗೆ ಹಿತ್ತಾಳೆಯ ಪುಡಿ ಮಿನುಗುತ್ತಿತ್ತು. ಕೊಕ್ಕೆ ಪೂರ್ತಿ ಮುಚ್ಚಿಕೊಳ್ಳದಂತೆ ತಡೆದದ್ದು ಅದೇ. ಡಮ್ಮಿ ಮತ್ತೆ ಸಿಕ್ಕಿಸಿ ಅಲ್ಲಾಡಿಸಿದೆ. ಬೀಳಲಿಲ್ಲ. ಈ ಕೆಲಸದ ಬಳಿಕ ಸೋಪು ಹಚ್ಚಿ ಕೈ ತೊಳೆಯದೆ ಊಟಕ್ಕೆ ಕೂರಬಾರದು. ಆ ಮಸಿಯಲ್ಲಿ ಸೀಸವಿರುತ್ತದೆ.

ಅದೇ ಅಗ್ಗದ ತೋಟೆ, ಅದೇ ಹಳೆಯ ಮ್ಯಾಗಜಿನ್, 50 ಹೊಡೆತ. ಒಂದೇ ಒಂದು ಉಳಿಯಿತು, ಅದೂ ಬೋಲ್ಟನ್ನು ಅರೆಮನಸ್ಸಿನಿಂದ ಎಳೆದಾಗ. ಒಳಹೋಗುವ ತೊಂದರೆ ಪೂರ್ತಿ ಮಾಯವಾಯಿತು.

ಮೂರು ವಾರದ ಮೇಲೆ ಹೊಸ ಕೊಕ್ಕೆ ಬಂತು, ಹಾಕಿಸಿದೆ. 50ಕ್ಕೆ 50 ಹೊರಬಿದ್ದವು. ಆದರೆ ಬೋಲ್ಟ್ ಮುಚ್ಚುವಾಗ ಮೊದಲಿಲ್ಲದ ಬಿಗಿ, ಗುರಿಯಿಂದ ಕಣ್ಣು ಕದಲಿಸುವಷ್ಟು. ರಿಪೇರಿಯವರು ಹಳೆಯ ಕೊಕ್ಕೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಮನೆಗೆ ಬಂದು ಭೂತಗನ್ನಡಿಯಲ್ಲಿ ನೋಡಿದೆ. ಎಪ್ಪತ್ತು ವರ್ಷ ದುಡಿದ ಮೇಲೂ ಅದರ ಅಂಚು ಚೂಪಾಗಿಯೇ ಇತ್ತು. ಮರುದಿನವೇ ಹೋಗಿ ಅದನ್ನು ಹಿಂದಕ್ಕೆ ಹಾಕಿಸಿಕೊಂಡು ಬಂದೆ.