ಬೈಕಿನ ಕರೆಂಟ್ ಹುಡುಕಲು 830 ಮಲ್ಟಿಮೀಟರ್: ನಾಲ್ಕು ವರ್ಷದ ಬಳಕೆಯ ನಂತರ

ಕಿಕ್ ಹೊಡೆದರೂ ಪ್ಲಗ್‌ನಲ್ಲಿ ಕರೆಂಟ್ ಇಲ್ಲ ಅಂದ ಕೂಡಲೇ ಸಿಡಿಐ (ಪ್ಲಗ್ ಕಿಡಿ ಯಾವಾಗ ಹಾರಬೇಕೆಂದು ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಡಬ್ಬಿ) ಬದಲಿಸಿಬಿಡುವ ರೂಢಿ ಇದೆ. ಅಷ್ಟು ದುಡ್ಡು ಸುರಿಯುವ ಮೊದಲು ಒಂದು ಸಾದಾ 830 ಮಾದರಿಯ ಡಿಜಿಟಲ್ ಮೀಟರ್ ಹಿಡಿದು ಕೂರಬೇಕು. ಸಿಡಿಐ ಒಳಗೆ ಏನಾಗಿದೆ ಎಂದು ಇದು ಹೇಳುವುದಿಲ್ಲ. ಅದರ ಸುತ್ತಲಿನ ಕಾಯಿಲ್, ಕ್ಯಾಪ್, ವೈರು ನೆಟ್ಟಗಿವೆಯೇ ಎಂದು ಹತ್ತು ನಿಮಿಷದಲ್ಲಿ ಹೇಳುತ್ತದೆ.

ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಪ್ಲಗ್ ಕ್ಯಾಪ್ ವಿಷಯದಲ್ಲಿ. ನಾಬ್ 20 ಕಿಲೋ ಓಮ್‌ಗೆ ತಿರುಗಿಸಿ, ಒಂದು ಪ್ರೋಬ್ ಕ್ಯಾಪ್‌ನೊಳಗಿನ ಲೋಹಕ್ಕೆ, ಇನ್ನೊಂದು ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಎಚ್‌ಟಿ ಕಾಯಿಲ್‌ನ ಅರ್ಥ್‌ಗೆ ಹಿಡಿಯಿರಿ. ಪರದೆಯ ಎಡತುದಿಯಲ್ಲಿ ಬರೀ '1' ನಿಂತರೆ ದಾರಿ ಎಲ್ಲೋ ಕಡಿದಿದೆ. ಕ್ಯಾಪನ್ನು ಎಡಕ್ಕೆ ತಿರುಗಿಸಿ ಬಿಚ್ಚಿ, ವೈರಿನ ತುದಿಯಿಂದಲೇ ಮತ್ತೆ ಅಳೆಯಿರಿ. ಈಗ ಕೆಲವು ಕಿಲೋ ಓಮ್ ಬಂತೆಂದರೆ ಕಾಯಿಲ್ ಚೆನ್ನಾಗಿದೆ, ಸತ್ತಿರುವುದು ಕ್ಯಾಪ್. ರೆಸಿಸ್ಟರ್ ಕ್ಯಾಪ್‌ಗಳು ಸಾಮಾನ್ಯವಾಗಿ 5 ಕಿಲೋ ಓಮ್ ತೋರಿಸಬೇಕು. ಬಿಚ್ಚಿದಾಗ ಒಳಗಿನ ಸ್ಕ್ರೂ ಹಸಿರು ಕಿಲುಬು ಹಿಡಿದಿದ್ದರೆ ವೈರಿನ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ ಹೊಸ ಕ್ಯಾಪ್ ತಿರುಗಿಸಿ ಕೂರಿಸಿ.

ಬ್ಯಾಟರಿಯಿಂದ ಕರೆಂಟ್ ಪಡೆಯುವ ಡಿಸಿ ಸಿಡಿಐ ಆದರೆ ಕೀ ಆನ್ ಮಾಡಿ, ಬ್ಯಾಟರಿಯ ಮೇಲೊಮ್ಮೆ, ಸಿಡಿಐಗೆ ವೈರು ಸೇರುವ ಕಪ್ಲರ್‌ನಲ್ಲೊಮ್ಮೆ ವೋಲ್ಟೇಜ್ ನೋಡಿ. ಕಪ್ಲರ್‌ನಲ್ಲಿ ಅರ್ಧ ವೋಲ್ಟ್‌ಗಿಂತ ಜಾಸ್ತಿ ಇಳಿದಿದ್ದರೆ ಕೀ ಸೆಟ್, ಕಿಲ್ ಸ್ವಿಚ್, ಕಪ್ಲರ್ ಬಿಚ್ಚಿ ತೊಳೆಯಬೇಕು. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗಳಲ್ಲಿ ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಬಿಸಿಯಾದ ಮೇಲೆ ನಿಂತುಹೋಗುವ ಗಾಡಿಯಲ್ಲಿ ತಣ್ಣಗಿನ ಅಳತೆ ನಂಬಬೇಡಿ. ಕಿಡಿಯ ಸಮಯವನ್ನು ಸಿಡಿಐಗೆ ತಿಳಿಸುವ ಪಲ್ಸರ್ ಕಾಯಿಲ್‌ಗೆ ಕ್ಲಿಪ್ ಹಾಕಿಟ್ಟು, ಹೇರ್ ಡ್ರೈಯರ್‌ನಿಂದ ಬಿಸಿ ಮಾಡುತ್ತಾ ಪರದೆ ನೋಡಿ. 10 ಡಿಗ್ರಿ ಏರಿದರೆ ತಾಮ್ರದ ರೆಸಿಸ್ಟೆನ್ಸ್ ಸುಮಾರು ಶೇ. 4 ಏರುತ್ತದೆ, 200 ಓಮ್ ಇದ್ದದ್ದು 235 ಆದರೆ ಅದು ಸಹಜ. ಇದ್ದಕ್ಕಿದ್ದಂತೆ '1' ಬಂದರೆ ಒಳಗಿನ ಎಳೆ ಕಾದಾಗ ಬಿಟ್ಟುಕೊಳ್ಳುತ್ತಿದೆ, ಕಾಯಿಲ್ ಬದಲಿಸಲೇಬೇಕು.

ಮೀಟರಿನ ಕೊರತೆಗಳೂ ಇವೆ. ಜೊತೆಗೆ ಬರುವ ವೈರುಗಳದ್ದೇ ಅರ್ಧ ಓಮ್ ಇರುತ್ತದೆ. ಎಚ್‌ಟಿ ಕಾಯಿಲ್‌ನ ಪ್ರೈಮರಿ (ಸಿಡಿಐ ಕಡೆಯ ಸುತ್ತು) ಎಷ್ಟೋ ಸಲ 1 ಓಮ್‌ಗಿಂತ ಕಮ್ಮಿ. ಹಾಗಾಗಿ ಮೊದಲು ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿ, ಬಂದದ್ದನ್ನು ಅಳತೆಯಿಂದ ಕಳೆಯಿರಿ. ಒಳಗಿನ 9 ವೋಲ್ಟ್ ಬ್ಯಾಟರಿ ಸೊರಗಿದರೆ ವೋಲ್ಟೇಜ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಗಾಡಿಯ ಚಾರ್ಜಿಂಗ್ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಮೇಲೆ ಅನುಮಾನ ಪಡುವ ಮೊದಲು ಮೀಟರಿನ ಈ ಬ್ಯಾಟರಿ ಬದಲಿಸಿ. 10 ಆಂಪ್ ತೂತಿಗೆ ಫ್ಯೂಸ್ ಇಲ್ಲ. ಕೆಂಪು ಪ್ರೋಬ್ ಅಲ್ಲಿರುವಾಗ ಬ್ಯಾಟರಿಗೆ ಮುಟ್ಟಿಸಿದರೆ ನೇರ ಶಾರ್ಟ್. ಕಿಡಿ ಹಾರುವಾಗ ಪ್ಲಗ್ ವೈರಿಗೆ ಮೀಟರ್ ಹಿಡಿಯಲೇಬಾರದು, ಅಲ್ಲಿರುವುದು ಸಾವಿರಾರು ವೋಲ್ಟ್.

ಕೊಳ್ಳುವುದಾದರೆ ವೈರು ಕಡಿಯದೆ ಇದ್ದರೆ ಸದ್ದು ಮಾಡುವ ಬಜರ್ ಇರುವುದನ್ನೇ ಕೇಳಿ ತನ್ನಿ. ಟ್ಯಾಂಕ್ ಕೆಳಗೆ ತಲೆ ತೂರಿಸಿ ವೈರ್ ಹುಡುಕುವಾಗ ಪರದೆ ಕಾಣುವುದಿಲ್ಲ, ಸದ್ದು ಕೇಳಿಸುತ್ತದೆ.