ಮಿಡಜೋಲಾಮ್, ಪ್ರೊಪೊಫಾಲ್, ಬರೀ ಸ್ಪ್ರೇ: ನಮ್ಮ ಎಂಡೋಸ್ಕೋಪಿ ರೂಮಿನಲ್ಲಿ ಕಂಡದ್ದು

ಕ್ಯಾಮೆರಾ ಇರುವ ಕೊಳವೆ (ಸ್ಕೋಪ್) ಒಳಗೆ ಹಾಕಿ ನೋಡುವುದೇ ಎಂಡೋಸ್ಕೋಪಿ. ಅದಕ್ಕೆ ಮೊದಲು ಮಂಪರು ಬರಿಸಲು ಮಿಡಜೋಲಾಮ್ ಅಥವಾ ಪ್ರೊಪೊಫಾಲ್ ಇಂಜೆಕ್ಷನ್ ಕೊಡುತ್ತಾರೆ, ಇಲ್ಲವೇ ಗಂಟಲು ಮರಗಟ್ಟಿಸುವ ಸ್ಪ್ರೇ ಹೊಡೆಯುತ್ತಾರೆ. ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿಗೆ ನನ್ನ ಓಟು ಪ್ರೊಪೊಫಾಲ್‌ಗೆ. ಬಾಯಿಂದ ಹಾಕುವ ಎಂಡೋಸ್ಕೋಪಿಗೆ ಆದಷ್ಟೂ ಗಂಟಲಿನ ಸ್ಪ್ರೇ ಸಾಕು. ಮಿಡಜೋಲಾಮ್ ಕೆಟ್ಟ ಔಷಧಿ ಅಂತ ನಾನು ಹೇಳುವುದಿಲ್ಲ, ಆದರೆ ನಮ್ಮ ರೂಮಿಗೆ ಅದು ಹೊಂದಲಿಲ್ಲ.

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಇನ್‌ಚಾರ್ಜ್ ಸಿಸ್ಟರ್. ಯಾರಿಗೆ ಯಾವ ಮಂಪರು ಔಷಧಿ ಅಂತ ನಿರ್ಧರಿಸುವವರು ಡಾಕ್ಟರು. ಲಿಸ್ಟ್ ಬರೆಯುವುದು, ಬೆಡ್ ಹೊಂದಿಸುವುದು, ಹೊರಗೆ ಕಾಯುತ್ತಿರುವವರಿಗೆ ಉತ್ತರ ಕೊಡುವುದು ನನ್ನ ಕೆಲಸ. ಹಾಗಾಗಿ ಇದು ಟ್ರಾಲಿ ತಳ್ಳುವವರ ಕಡೆಯ ಲೆಕ್ಕ.

ಕಳೆದ ವರ್ಷ ಜುಲೈಯ ಒಂದು ಸೋಮವಾರ. ಹೊರಗೆ ಧೋ ಅಂತ ಮಳೆ. ಲಿಸ್ಟಿನಲ್ಲಿ ಒಂಬತ್ತು ಕೇಸ್, ರಿಕವರಿಯಲ್ಲಿ ಮೂರೇ ಬೆಡ್. ಹನ್ನೊಂದು ಗಂಟೆಗೆ ಮೂರೂ ಭರ್ತಿ. ಮೊದಲ ಬೆಡ್ಡಿನಲ್ಲಿ ವಿಟ್ಲ ಕಡೆಯ ಒಬ್ಬರು ಅಜ್ಜಿ. ಮಿಡಜೋಲಾಮ್ 2 ಮಿಲಿಗ್ರಾಂ, ಜೊತೆಗೆ ನೋವಿಗೆ ಸ್ವಲ್ಪ ಫೆಂಟನಿಲ್. ಕೊಲೊನೋಸ್ಕೋಪಿ ಚೆನ್ನಾಗಿಯೇ ಮುಗಿದಿತ್ತು. ಆದರೆ ಅಜ್ಜಿ ಏಳುತ್ತಿಲ್ಲ. ಕರೆದರೆ ಕಣ್ಣು ಬಿಡುತ್ತಾರೆ, ‘ಹೂಂ’ ಅನ್ನುತ್ತಾರೆ, ಮತ್ತೆ ನಿದ್ದೆ. ಬೈಸ್ಟ್ಯಾಂಡರ್ ಆಗಿ ಬಂದ ಮಗ ಊಟಕ್ಕೆ ಹೋಗಿದ್ದಾರೆ, ಫೋನ್ ತೆಗೆಯುತ್ತಿಲ್ಲ. ಹೊರಗೆ ಇನ್ನೊಬ್ಬರು ರಾತ್ರಿಯಿಂದ ಉಪವಾಸ. ಹೊಟ್ಟೆ ಖಾಲಿ ಮಾಡುವ ಪುಡಿ ಕಲಸಿದ ನೀರು ಲೀಟರ್‌ಗಟ್ಟಲೆ ಕುಡಿದು ಟಾಯ್ಲೆಟ್‌ಗೆ ಓಡಿ ಓಡಿ ಮುಖ ಬಾಡಿಹೋಗಿದೆ. ಸ್ಕೋಪ್ ತೊಳೆದು ರೆಡಿ ಇದೆ. ಡಾಕ್ಟರು ಗ್ಲೌಸ್ ಹಾಕಿ ನಿಂತಿದ್ದಾರೆ. ಯಾರ ತಪ್ಪೂ ಇಲ್ಲ. ಬೆಡ್ ಇಲ್ಲ, ಅಷ್ಟೇ.

ಇದು ಆ ದಿನದ ಕಥೆ ಮಾತ್ರ ಆಗಿದ್ದರೆ ಮರೆತುಬಿಡುತ್ತಿದ್ದೆ. ವಾರಕ್ಕೆ ಮೂರು ದಿನ ಹೀಗೇ ಆಗುತ್ತಿತ್ತು.

ಮಿಡಜೋಲಾಮ್ ಕೊಟ್ಟ ಕೂಡಲೇ ಪೂರ್ತಿ ಹಿಡಿಯುವುದಿಲ್ಲ, ಎರಡು ಮೂರು ನಿಮಿಷ ಬೇಕು. ಹಾಗೇ ಇಳಿಯುವುದೂ ನಿಧಾನ. ವಯಸ್ಸಾದವರಲ್ಲಂತೂ ಇನ್ನೂ ನಿಧಾನ. ಇನ್ನೊಂದು ವಿಷಯ ಹೊಸ ಸಿಸ್ಟರ್‌ಗಳಿಗೆ ನಾನು ಯಾವಾಗಲೂ ಹೇಳುತ್ತೇನೆ. ಸ್ಕೋಪ್ ಒಳಗಿರುವಷ್ಟು ಹೊತ್ತು ಹೊಟ್ಟೆ ಎಳೆಯುತ್ತದೆ, ಗಾಳಿ ತುಂಬುತ್ತದೆ, ಅದೇ ಪೇಶೆಂಟನ್ನು ಸ್ವಲ್ಪ ಎಚ್ಚರ ಇಡುತ್ತದೆ. ಸ್ಕೋಪ್ ಹೊರಗೆ ತೆಗೆದ ಮೇಲೆ ಆ ಎಳೆತವೂ ಇಲ್ಲ. ಆಗಲೇ ನಿದ್ದೆ ಜಾಸ್ತಿ ಆಗುವುದು, ಆಕ್ಸಿಜನ್ ಇಳಿಯುವುದು. ಅಂದರೆ ಡಾಕ್ಟರ ಕೆಲಸ ಮುಗಿದ ಮೇಲೆ ನಮ್ಮ ಕೆಲಸ ಶುರು. ಗದ್ದ ಎತ್ತಿ ಹಿಡಿದು, ಆಕ್ಸಿಜನ್ ತೋರಿಸುವ ಬೆರಳಿನ ಪ್ರೋಬ್ ನೋಡುತ್ತಾ ಒಬ್ಬ ಸಿಸ್ಟರ್ ಅಲ್ಲೇ ನಿಲ್ಲಬೇಕು.

‘ಎಚ್ಚರ ಮಾಡುವ ಇಂಜೆಕ್ಷನ್ ಇದೆಯಲ್ಲ, ಕೊಟ್ಟುಬಿಡಿ’ ಅಂತ ಆಫೀಸಿನಿಂದ ಒಮ್ಮೆ ಸಲಹೆ ಬಂತು. ಇದೆ, ಫ್ಲೂಮಜೆನಿಲ್. ಆದರೆ ಅದರ ಶಕ್ತಿ ಮಿಡಜೋಲಾಮ್‌ಗಿಂತ ಬೇಗ ಮುಗಿಯುತ್ತದೆ. ಎಚ್ಚರವಾದ ಅಜ್ಜಿ ವಿಟ್ಲದ ಬಸ್ಸಿನಲ್ಲಿ ಮತ್ತೆ ಮಂಪರಿಗೆ ಜಾರಿದರೆ? ಉಸಿರಿಗೆ ತೊಂದರೆ ಆದಾಗ ಕೊಡುವ ಔಷಧಿ ಅದು. ಬೆಡ್ ಖಾಲಿ ಮಾಡಲು ಕೊಡುವಂಥದ್ದಲ್ಲ. ಕೊಟ್ಟ ಮೇಲೂ ಕೂರಿಸಿಕೊಂಡು ನೋಡಲೇಬೇಕು.

ಮರೆವಿನದ್ದು ಬೇರೆ ಕಾಟ. ಮಿಡಜೋಲಾಮ್ ನೆನಪು ಅಳಿಸುತ್ತದೆ. ಪೇಶೆಂಟಿಗೆ ಅದು ಒಳ್ಳೆಯದೇ, ನೋವು ನೆನಪಿರುವುದಿಲ್ಲ. ಆದರೆ ಎದ್ದು ಕೂತು ಡಾಕ್ಟರ ಹತ್ತಿರ ಮಾತಾಡಿದ್ದೂ ಮರೆತುಹೋಗುತ್ತದೆ. ಬಟ್ಟೆ ಬದಲಿಸಿ ಹೊರಗೆ ಬಂದು ‘ಡಾಕ್ಟರು ನನಗೆ ಏನೂ ಹೇಳಲೇ ಇಲ್ಲ ಸಿಸ್ಟರ್’ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಜೊತೆಗೆ ಬಂದವರನ್ನು ಹುಡುಕಿ ಎಲ್ಲವನ್ನೂ ಮತ್ತೊಮ್ಮೆ ಹೇಳಬೇಕು.

ತಡ ಆಗುವುದು ಸ್ಕೋಪ್ ತೊಳೆಯುವುದರಿಂದ ಅಂತಲೇ ನಾವೆಲ್ಲ ನಂಬಿದ್ದೆವು. ಲೀಕ್ ಟೆಸ್ಟ್, ಎನ್‌ಜೈಮ್ ನೀರು, ಚಾನೆಲ್ ಒಳಗೆ ಬ್ರಷ್, ಆಮೇಲೆ ರೋಗಾಣು ಕೊಲ್ಲುವ ಒಪಿಎ ದ್ರಾವಣದಲ್ಲಿ 12 ನಿಮಿಷ, ಮತ್ತೆ ನೀರು, ಸ್ಪಿರಿಟ್, ಗಾಳಿ. ಇದರಲ್ಲಿ ಒಂದು ನಿಮಿಷವೂ ಕಡಿಮೆ ಮಾಡುವಂತಿಲ್ಲ. ಹಾಗಾಗಿ ಮೂರನೇ ಕೊಲೊನೋಸ್ಕೋಪ್ ಬೇಕು ಅಂತ ನಾನೇ ಅರ್ಜಿ ಬರೆದಿದ್ದೆ. ಲಕ್ಷಗಟ್ಟಲೆ ಹಣದ ಮಾತು. ಸುಮ್ನೆ ಕೇಳಿದರೆ ಕೊಡುತ್ತಾರಾ? ಲೆಕ್ಕ ತೋರಿಸೋಣ ಅಂತ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಸಮಯ ಬರೆಯತೊಡಗಿದೆ. ಪೇಶೆಂಟ್ ಒಳಗೆ ಬಂದದ್ದು, ಸ್ಕೋಪ್ ಹೊರಗೆ ತೆಗೆದದ್ದು, ಸ್ಕೋಪ್ ಒಣಗಿ ಬಂದದ್ದು, ಬೆಡ್ ಖಾಲಿ ಆದದ್ದು. ಎರಡು ವಾರ ಆದ ಮೇಲೆ ನೋಡಿದರೆ ನನ್ನ ಅರ್ಜಿಯೇ ತಪ್ಪು. ಹೆಚ್ಚಿನ ದಿನ ತೊಳೆದ ಸ್ಕೋಪ್ ತೂಗುಹಾಕಿಕೊಂಡು ಬೆಡ್ಡಿಗಾಗಿ ಕಾಯುತ್ತಿತ್ತು. ಆ ನೋಟ್‌ಬುಕ್ ತೋರಿಸಿದ ಮೇಲೆಯೇ ಪ್ರೊಪೊಫಾಲ್ ಮಾತು ಶುರುವಾದದ್ದು.

ಪ್ರೊಪೊಫಾಲ್ ನೋಡಲು ಥೇಟ್ ಕಾಯಿಹಾಲು. ಸೋಯಾ ಎಣ್ಣೆಯಲ್ಲಿ ಕಲಸಿದ ಔಷಧಿ, ಅದಕ್ಕೇ ಬಿಳಿ. ಕೈಯ ನರಕ್ಕೆ ಹೋಗುವಾಗ ಉರಿಯುತ್ತದೆ, ಇದನ್ನು ಮೊದಲೇ ಹೇಳಿಬಿಟ್ಟರೆ ಪೇಶೆಂಟ್ ಹೆದರುವುದಿಲ್ಲ. ಒಂದು ನಿಮಿಷ ಆಗುವುದರೊಳಗೆ ನಿದ್ದೆ. ಕೊಡುವುದು ನಿಲ್ಲಿಸಿದ ಹತ್ತು ಹದಿನೈದು ನಿಮಿಷದಲ್ಲಿ ಕಣ್ಣು ಬಿಟ್ಟು ತಮ್ಮ ಚಪ್ಪಲಿ ಎಲ್ಲಿ ಅಂತ ಕೇಳುತ್ತಾರೆ. ಡಾಕ್ಟರು ಹೇಳಿದ್ದು ತಲೆಗೆ ಹೋಗುತ್ತದೆ. ಅದೇ ಮೂರು ಬೆಡ್, ಅದೇ ಎರಡು ಸ್ಕೋಪ್. ಒಂಬತ್ತು ಕೇಸ್ ಮುಗಿಸಿ ಎರಡು ಗಂಟೆಗೆ ನಾವು ಊಟಕ್ಕೆ ಕೂತ ಮೊದಲ ದಿನ ನನಗೆ ಇನ್ನೂ ನೆನಪಿದೆ.

ಆದರೆ ಇದಕ್ಕೆ ಪ್ರತಿಮದ್ದು ಇಲ್ಲ. ಉಸಿರು ನಿಲ್ಲಬಹುದು, ಬಿಪಿ ಇಳಿಯಬಹುದು. ಸ್ಕೋಪ್ ಹಾಕುವ ಡಾಕ್ಟರು ಅದನ್ನೂ ನೋಡಿಕೊಳ್ಳುತ್ತಾರೆ ಅಂದರೆ ನಾನು ಒಪ್ಪುವುದಿಲ್ಲ. ಪೇಶೆಂಟಿನ ತಲೆಯ ಹತ್ತಿರ ಅನಸ್ತೇಷಿಯಾ ಡಾಕ್ಟರು ನಿಂತಿರಬೇಕು, ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಮಾನಿಟರ್ ಓಡುತ್ತಿರಬೇಕು. ಶುರುವಿನಲ್ಲಿ ಕೇಸ್ ಬಂದಾಗಲೆಲ್ಲ ಅವರನ್ನು ಕರೆಯುತ್ತಿದ್ದೆವು. ಅಷ್ಟರಲ್ಲಿ ಆಪರೇಷನ್ ಥಿಯೇಟರಿನಲ್ಲಿ ಸಿಸೇರಿಯನ್ ಬಂದರೆ ಅವರು ಓಡಲೇಬೇಕು, ನಮ್ಮ ಲಿಸ್ಟ್ ಅಲ್ಲಿಗೇ ನಿಂತಿತು. ಈಗ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಒಬ್ಬರು ನಮಗೇ ಮೀಸಲು. ಕೊಲೊನೋಸ್ಕೋಪಿ ಎಲ್ಲ ಆ ಎರಡು ದಿನಕ್ಕೆ. ಒಡೆದ ವಯಲ್ ಇಟ್ಟುಕೊಳ್ಳುವಂತಿಲ್ಲ, ಎಣ್ಣೆ ಇರುವುದರಿಂದ ರೋಗಾಣು ಬೇಗ ಬೆಳೆಯುತ್ತದೆ. ಉಳಿದರೆ ಚೆಲ್ಲಬೇಕು.

ಖರ್ಚು ಜಾಸ್ತಿ. ಬಿಲ್ಲಿನಲ್ಲಿ ಅನಸ್ತೇಷಿಯಾ ಫೀ ಬೇರೆ ಸಾಲು. ಬೀಡಿ ಕಟ್ಟಿ ಬದುಕುವ ಮನೆಯವರಿಗೆ ಆ ಸಾಲು ಭಾರ ಅಂತ ನನಗೆ ಗೊತ್ತು. ಅದಕ್ಕೇ ಡೇಟ್ ಕೊಡುವಾಗಲೇ ಹೇಳುತ್ತೇನೆ, ಕೊನೆಗೆ ಬಿಲ್ ಕೈಗಿಡುವಾಗ ಅಲ್ಲ. ಬೇಡ ಅಂದವರಿಗೆ ಬೇರೆ ದಿನ ಮಿಡಜೋಲಾಮ್, ಲಿಸ್ಟಿನ ಮೊದಲಿಗೇ, ನಿಧಾನವಾಗಿ ಏಳಲಿ ಅಂತ.

ಸ್ಪ್ರೇ ಬಗ್ಗೆ ಹೇಳುವುದು ಸ್ವಲ್ಪವೇ. ಹತ್ತು ಪರ್ಸೆಂಟ್ ಲಿಗ್ನೋಕೇನ್, ಕಹಿ, ಗಂಟಲು ಮರಗಟ್ಟುತ್ತದೆ. ನನಗೇ ಹೊಟ್ಟೆಯಲ್ಲಿ ಉರಿ ಬಂದಾಗ ಅದರಲ್ಲೇ ಮಾಡಿಸಿಕೊಂಡೆ. ಕಣ್ಣಲ್ಲಿ ನೀರು ಬಂತು, ಎರಡು ಸಲ ಓಕರಿಕೆ ಬಂತು. ನಮ್ಮ ಸಿಸ್ಟರ್ ಹೆಗಲ ಮೇಲೆ ಕೈ ಇಟ್ಟು ‘ಎಂಜಲು ನುಂಗಬೇಡಿ ಅಕ್ಕ, ಹೊರಗೆ ಬಿಡಿ, ಮೂಗಲ್ಲಿ ಉಸಿರಾಡಿ’ ಅನ್ನುತ್ತಲೇ ಇದ್ದಳು. ಐದು ನಿಮಿಷ. ಎದ್ದು ನಡೆದುಕೊಂಡೇ ಹೊರಗೆ ಬಂದೆ. ಮರಗಟ್ಟಿದ್ದು ಬಿಡುವ ತನಕ ಏನೂ ತಿನ್ನಬಾರದು, ಅಷ್ಟೇ. ಒಬ್ಬರೇ ಬಂದವರಿಗೆ, ಸ್ಕೂಟರಿನಲ್ಲಿ ವಾಪಸ್ ಹೋಗಬೇಕಾದವರಿಗೆ ಇದೇ ಸರಿ. ಉಳಿದ ಎರಡರಲ್ಲೂ 24 ಗಂಟೆ ಗಾಡಿ ಓಡಿಸುವಂತಿಲ್ಲ. ತುಂಬಾ ಹೆದರುವವರಿಗೆ, ಮಕ್ಕಳಿಗೆ ಮಾತ್ರ ಸ್ಪ್ರೇ ಸಾಲದು.

ಇನ್ನು ಚಿಲ್ಲರೆ ವಿಷಯ. ಫೆಂಟನಿಲ್‌ಗೆ ರಿಜಿಸ್ಟರ್, ಖಾಲಿ ಆಂಪೂಲಿನ ಲೆಕ್ಕವೂ ಕೊಡಬೇಕು. ಕೆಲವರು ಮಿಡಜೋಲಾಮ್ ಕೊಟ್ಟರೆ ಮಲಗುವ ಬದಲು ಎದ್ದು ಸ್ಕೋಪಿಗೇ ಕೈ ಹಾಕುತ್ತಾರೆ. ಮತ್ತೆ, ಔಷಧಿ ಯಾವುದೇ ಇರಲಿ, ಕೊಲೊನೋಸ್ಕೋಪಿಯ ಹಿಂದಿನ ದಿನ ಪುನರ್ಪುಳಿ (ಕೋಕಂ) ಶರಬತ್ತು ಕುಡಿಯಬೇಡಿ ಮಾರಾಯ್ರೆ. ಆ ಕೆಂಪು ಕರುಳಿನೊಳಗೆ ರಕ್ತದ ಹಾಗೇ ಕಾಣುತ್ತದೆ. ಬೊಂಡದ ನೀರು ಕುಡಿಯಿರಿ, ಗಂಜಿ ತಿಳಿ ಕುಡಿಯಿರಿ.

ವಿಟ್ಲದ ಅಜ್ಜಿ ಮೊನ್ನೆ ಶುಕ್ರವಾರ ಮತ್ತೆ ಬಂದಿದ್ದರು. ಹೋದ ಸಲ ಕರುಳಿನ ಒಳಗೆ ಬೆಳೆದ ಒಂದು ಸಣ್ಣ ಗಂಟು (ಪಾಲಿಪ್) ತೆಗೆದಿದ್ದರು, ಅದಕ್ಕೆ ಮರುಪರೀಕ್ಷೆ. ಈ ಸಲ ಪ್ರೊಪೊಫಾಲ್. ಎಚ್ಚರವಾದ ಕೂಡಲೇ ನನ್ನ ಕೈ ಹಿಡಿದು ತುಳುವಿನಲ್ಲಿ ‘ಏಪ ಸುರು ಮಲ್ಪುನಿ?’ ಅಂದರು, ಯಾವಾಗ ಶುರು ಮಾಡುವುದು ಅಂತ. ಮುಗಿಯಿತು ಅಂದರೆ ನಂಬಲಿಲ್ಲ. ಮಗನನ್ನು ಒಳಗೆ ಕರೆದು ಹೇಳಿಸಬೇಕಾಯಿತು.

ಮೂರನೇ ಸ್ಕೋಪಿನ ಅರ್ಜಿ ವಾಪಸ್ ತಗೊಂಡಿದ್ದೇನೆ. ಅದರ ಬದಲು ಬುಧವಾರ ಬೆಳಿಗ್ಗೆಯೂ ಅನಸ್ತೇಷಿಯಾ ಡಾಕ್ಟರನ್ನು ಕೊಡಿ ಅಂತ ಬರೆದು, ನೋಟ್‌ಬುಕ್ಕಿನ ಜೆರಾಕ್ಸ್ ಲಗತ್ತಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.