ರಸೆಲ್, ಮೇಜರ್ಸ್ ಅಂಡ್ ವಡೆಲ್: ಪಶ್ಚಿಮದ ದಾರಿಯ ಸರಕು ಸಾಗಣೆ ಸೇವೆಯ ವಿಮರ್ಶೆ

1850ರ ದಶಕದಲ್ಲಿ ಮಿಸ್ಸೌರಿ ನದಿಯಿಂದ ಪಶ್ಚಿಮಕ್ಕೆ ಭಾರಿ ಸರಕು ಕಳುಹಿಸಬೇಕಾದವರಿಗೆ, ಅವರು ವ್ಯಾಪಾರಿಗಳಾಗಲಿ ಅಮೆರಿಕದ ಸೇನೆಯಾಗಲಿ, ಹೆಚ್ಚಿನ ಆಯ್ಕೆಗಳಿರಲಿಲ್ಲ. ರೈಲುಹಳಿ ಇನ್ನೂ ನದಿಯನ್ನು ದಾಟಿರಲಿಲ್ಲ. ಆ ದಾರಿಗುಂಟ ಹರಿಯುವ ಪ್ಲಾಟ್ ನದಿಯಲ್ಲಿ ದೋಣಿ ತೇಲುವಷ್ಟೂ ಆಳವಿರಲಿಲ್ಲ. ಉಳಿದದ್ದು ಬಂಡಿಯೊಂದೇ. ಆ ವ್ಯವಹಾರದಲ್ಲಿ ಎಲ್ಲರಿಗಿಂತ ದೊಡ್ಡದಾಗಿ ಬೆಳೆದದ್ದು ಕ್ಯಾನ್ಸಸ್‌ನ ಲೆವನ್‌ವರ್ತ್‌ನಲ್ಲಿ ನೆಲೆಯೂರಿದ್ದ ರಸೆಲ್, ಮೇಜರ್ಸ್ ಅಂಡ್ ವಡೆಲ್ ಸಂಸ್ಥೆ. ಅದರ ಸೇವೆಯನ್ನು ಇಂದು ತೂಗಿ ನೋಡಿದರೆ, ದಾರಿಯಲ್ಲಿ ನಡೆದವರಿಗೆ ಪೂರ್ಣ ಅಂಕ ಕೊಡಬಹುದು. ಕಚೇರಿಯಲ್ಲಿ ಕುಳಿತವರಿಗೆ ಪಾಸಾಗುವಷ್ಟು ಅಂಕವನ್ನೂ ಕೊಡುವುದು ಕಷ್ಟ.

ಮೊದಲು ದಾರಿಯ ಮಾತು. ಒಂದು ತಂಡದಲ್ಲಿ ಸಾಮಾನ್ಯವಾಗಿ 25 ಸರಕಿನ ಬಂಡಿಗಳೂ ಅಡುಗೆ ಸಾಮಾನಿನದೊಂದು ಬಂಡಿಯೂ ಇರುತ್ತಿದ್ದವು. ಪ್ರತಿ ಬಂಡಿಯ ಹೊರೆ 5,000ದಿಂದ 6,000 ಪೌಂಡ್. ಅದನ್ನೆಳೆಯಲು ಆರು ಜೊತೆ ಎತ್ತುಗಳು. ಎತ್ತು ಹೊಡೆಯುವ ಬುಲ್‌ವ್ಯಾಕರ್‌ಗೆ ಬಂಡಿಯಲ್ಲಿ ಕೂರಲು ಜಾಗವೇ ಇರಲಿಲ್ಲ. ಎಡಮಗ್ಗುಲಲ್ಲಿ ನಡೆಯುತ್ತ, ಉದ್ದನೆಯ ಚಾಟಿಯ ಸದ್ದಿನಿಂದಲೂ ಕೂಗಿನಿಂದಲೂ ಹನ್ನೆರಡು ಎತ್ತುಗಳನ್ನು ಹತೋಟಿಯಲ್ಲಿಟ್ಟು, ದಿನಕ್ಕೆ ಹನ್ನೆರಡರಿಂದ ಹದಿನೈದು ಮೈಲಿ ಸವೆಸಬೇಕಿತ್ತು. ಸುಮಾರು 1,200 ಮೈಲಿ ದೂರದ ಸಾಲ್ಟ್ ಲೇಕ್ ಸಿಟಿಗೆ ಸರಕು ಕಳುಹಿಸಿದವರು ಮೂರು ತಿಂಗಳಾದರೂ ಕಾಯಬೇಕಿತ್ತು. ಇದನ್ನು ದೋಷವೆನ್ನಲಾಗದು. ಹೇಸರಗತ್ತೆ ಇನ್ನಷ್ಟು ಬೇಗ ಹೋಗುತ್ತಿತ್ತು, ನಿಜ. ಆದರೆ ಅದಕ್ಕೆ ಕಾಳು ಹೊತ್ತೊಯ್ಯಬೇಕು, ಎತ್ತು ದಾರಿಬದಿಯ ಹುಲ್ಲಿನಲ್ಲೇ ಬದುಕುತ್ತದೆ, ಬೆಲೆಯೂ ಕಡಿಮೆ.

ಸೇವೆಯ ನಿಜವಾದ ಗುಣಮಟ್ಟ ಕಾಣುವುದು ಸಣ್ಣಪುಟ್ಟ ಕೆಲಸಗಳಲ್ಲಿ. ರಾತ್ರಿ ಬಂಡಿಗಳನ್ನು ಎರಡು ಅರ್ಧವೃತ್ತವಾಗಿ ನಿಲ್ಲಿಸಿ, ಗಾಲಿಗೆ ಗಾಲಿ ಸರಪಳಿ ಬಿಗಿದರೆ ಅದೇ ದೊಡ್ಡಿ. ಬೆಳಗಿನ ಜಾವ ಕಾವಲುಗಾರ ಮೇಯಿಸಿ ತಂದ ಎತ್ತುಗಳು ಅದರೊಳಗೆ ಕಿಕ್ಕಿರಿದು ನಿಂತಾಗ, ಪ್ರತಿಯೊಬ್ಬನೂ ನೊಗ ಹೆಗಲಿಗೇರಿಸಿಕೊಂಡು ನುಗ್ಗಿ, ಆ ಗುಂಪಿನಲ್ಲಿ ತನ್ನ ಎತ್ತುಗಳನ್ನೇ ಗುರುತಿಸಿ ಹೂಡಬೇಕಿತ್ತು. ಒಣ ಹವೆಗೆ ಗಾಲಿಯ ಮರ ಕುಗ್ಗಿ ಕಬ್ಬಿಣದ ಪಟ್ಟಿ ಸಡಿಲವಾದರೆ, ಸಂದಿಗೆ ಮರದ ಬೆಣೆ ಬಡಿಯುವುದೋ ರಾತ್ರಿಯಿಡೀ ಗಾಲಿಯನ್ನು ಹಳ್ಳದ ನೀರಿನಲ್ಲಿ ನೆನೆಹಾಕುವುದೋ ಅವನದೇ ಹೊಣೆ. ಪ್ಲಾಟ್ ನದಿಯ ಹೂಳುಮರಳಿನಲ್ಲಿ ಬಂಡಿ ಒಂದು ಗಳಿಗೆ ನಿಂತರೂ ಇಳಿಯತೊಡಗುವುದರಿಂದ, ಎರಡು ಬಂಡಿಗಳ ಎತ್ತುಗಳನ್ನು ಒಂದಕ್ಕೇ ಕಟ್ಟಿ, ಸೊಂಟದಷ್ಟು ನೀರಿನಲ್ಲಿ ಕೂಗುತ್ತ ದಾಟಿಸುತ್ತಿದ್ದರು. ಇಷ್ಟಕ್ಕೆ ಸಿಗುತ್ತಿದ್ದದ್ದು ತಿಂಗಳಿಗೆ ಸುಮಾರು 25 ಡಾಲರ್, ಜೊತೆಗೆ ಹಂದಿಮಾಂಸ, ಹುರುಳಿಕಾಯಿ ಬೀಜ, ಕಾಫಿಯ ಊಟ.

ಪಾಲುದಾರರಲ್ಲಿ ದಾರಿಯ ಕಷ್ಟ ಬಲ್ಲವನು ಅಲೆಕ್ಸಾಂಡರ್ ಮೇಜರ್ಸ್. 1848ರಲ್ಲಿ ತಾನೇ ಸಾಂಟಾ ಫೆಗೆ ಬಂಡಿ ಹೊಡೆಸಿದವನು. ಕುಡಿಯುವುದಿಲ್ಲ, ಬೈಯುವುದಿಲ್ಲ, ಜೂಜಾಡುವುದಿಲ್ಲ, ಪ್ರಾಣಿಗಳನ್ನು ಹಿಂಸಿಸುವುದಿಲ್ಲ, ತಪ್ಪಿದರೆ ಸಂಬಳವಿಲ್ಲದೆ ಹೊರಡುತ್ತೇನೆ ಎಂಬ ಪ್ರಮಾಣಕ್ಕೆ ಪ್ರತಿಯೊಬ್ಬನ ಸಹಿ ಪಡೆದು, ಕೈಗೊಂದು ಬೈಬಲ್ ಕೊಡುತ್ತಿದ್ದ. 1860ರಲ್ಲಿ ಈ ದಾರಿಯಲ್ಲಿ, ಸಂಸ್ಥೆ ಆಗ ನಡೆಸುತ್ತಿದ್ದ ಕೋಚ್‌ಗಳಲ್ಲಿ (ಪ್ರಯಾಣಿಕರ ಬಂಡಿಗಳಲ್ಲಿ) ಸಾಗಿದ ಇಂಗ್ಲಿಷ್ ಪ್ರವಾಸಿ ರಿಚರ್ಡ್ ಬರ್ಟನ್, ಅಮಲಿಲ್ಲದ ಕೋಚ್ ಚಾಲಕನನ್ನು ಕಂಡದ್ದೇ ಅಪರೂಪವೆಂದು ಬರೆದ. ಪ್ರಮಾಣದ ಈ ಗತಿ ಯಾರನ್ನೂ ಅಚ್ಚರಿಗೊಳಿಸದು. ಆದರೆ ಭಾನುವಾರದ ವಿಶ್ರಾಂತಿಯ ನಿಯಮವನ್ನು ಮೆಚ್ಚಲೇಬೇಕು. ವಾರಕ್ಕೊಂದು ದಿನ ಮೇಯಲು ಬಿಟ್ಟ ಎತ್ತುಗಳು ದೂರದ ದಾರಿಗೆ ಬಾಳಿಕೆ ಬಂದವು.

ಇನ್ನು ಕಚೇರಿ. 1857ರಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದವರು ನೆಲೆಸಿದ್ದ ಯೂಟಾವನ್ನು ಹತೋಟಿಗೆ ತರಲು ಹೊರಟ ಸೇನೆಯ ಹೆಚ್ಚುವರಿ ಸರಕನ್ನು, ಕಾಲ ಮೀರಿದ್ದರೂ, ಸಂಸ್ಥೆ ಒಪ್ಪಿಕೊಂಡಿತು. ಅಕ್ಟೋಬರ್‌ನಲ್ಲಿ ಲಾಟ್ ಸ್ಮಿತ್‌ನ ಮಾರ್ಮನ್ ದಳ ಮೂರು ತಂಡಗಳ ಬಂಡಿಗಳಿಗೆ ಬೆಂಕಿಯಿಟ್ಟಿತು. ಚಳಿಗೆ ಎತ್ತುಗಳು ಸತ್ತವು. ಐದು ಲಕ್ಷ ಡಾಲರ್‌ಗೆ ಸಮೀಪದ ಆ ನಷ್ಟವನ್ನು ಸರ್ಕಾರ ಎಂದೂ ತುಂಬಿಕೊಡಲಿಲ್ಲ. ಅಲ್ಲಿಗೆ ಕೈ ಹಿಡಿತಕ್ಕೆ ಬರಬೇಕಿತ್ತು. ಪಾಲುದಾರ ವಿಲಿಯಂ ರಸೆಲ್ ಮಾತ್ರ ಸಾಲದ ಮೇಲೆ ಸಾಲ ಮಾಡಿ, 1860ರ ಏಪ್ರಿಲ್‌ನಲ್ಲಿ ಪೋನಿ ಎಕ್ಸ್‌ಪ್ರೆಸ್ ಎಂಬ ಕುದುರೆ ಅಂಚೆಯನ್ನೂ ಆರಂಭಿಸಿದ. ಹೆಸರು ಬಂತು, ಹಣ ಬರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಸರ್ಕಾರದ ವಶದಲ್ಲಿದ್ದ ಬಾಂಡ್‌ಗಳ ಹಗರಣದಲ್ಲಿ ಅವನ ಬಂಧನವಾಯಿತು. 1862ರಲ್ಲಿ, ಸಾಲದಲ್ಲಿ ಮುಳುಗಿದ ಸಂಸ್ಥೆಯ ಕೋಚ್ ಮಾರ್ಗವನ್ನು ಸಾರಿಗೆ ಉದ್ಯಮಿ ಬೆನ್ ಹಾಲಡೇ ಕೊಂಡುಕೊಂಡ.

ಬುಲ್‌ವ್ಯಾಕರ್‌ನ ಕೆಲಸ ಸಂಸ್ಥೆಯೊಂದಿಗೆ ಮುಳುಗಲಿಲ್ಲ. 1869ರಲ್ಲಿ ಖಂಡವನ್ನು ದಾಟುವ ರೈಲುಹಳಿ ಕೂಡಿದ ಮೇಲೂ, ಹಳಿ ತಲುಪದ ಗಣಿ ಊರುಗಳಿಗೆ ಬಂಡಿಯೇ ಬೇಕಿತ್ತು. 1876ರ ಚಿನ್ನದ ಹುಚ್ಚಿನ ನಂತರ ಡಕೋಟಾದ ಫೋರ್ಟ್ ಪಿಯರ್‌ನಿಂದ ಗಣಿ ಊರಾದ ಡೆಡ್‌ವುಡ್‌ಗೆ ಹಿಟ್ಟು, ಯಂತ್ರ, ವಿಸ್ಕಿ ತಲುಪಿಸಿದ್ದು ಇಂಥದ್ದೇ ಎತ್ತಿನ ಸಾಲುಗಳು.